ತಿರುಗು ಶಟರ್ ನಿಂತಂತೆ ಕಂಡರೆ ನಂಬಬೇಡಿ

ಉಲ್ಕೆಗಳ ಛಾಯಾಚಿತ್ರಕ್ಕಾಗಿ ತಿರುಗು ಶಟರ್ (ಲೆನ್ಸಿನ ಮುಂದೆ ತಿರುಗುತ್ತ ಉಲ್ಕೆಯ ಗೆರೆಯನ್ನು ತುಂಡರಿಸಿ, ತುಂಡುಗಳ ಉದ್ದದಿಂದ ಅದರ ವೇಗ ಲೆಕ್ಕಹಾಕಲು ನೆರವಾಗುವ ಅಲಗಿನ ಚಕ್ರ) ಕೊಳ್ಳುವವರು, ಅದರಲ್ಲೂ ಜನರೇಟರನ್ನು ನೆಚ್ಚಿ ಕೂರುವವರು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚಕ್ರ ನಿಂತಂತೆ ಕಾಣುವುದನ್ನು ವೇಗಕ್ಕೆ ಪುರಾವೆಯೆಂದು ಒಪ್ಪಬಾರದು.

ನಾವು ಕೊಂಡದ್ದು ಎರಡು ಅಲಗಿನ ಶಟರ್. ಅದರ ಸಿಂಕ್ರೊನಸ್ ಮೋಟರ್ (ವಿದ್ಯುತ್ತಿನ ಆವರ್ತನಕ್ಕೆ ತಕ್ಕ ವೇಗದಲ್ಲಿ ತಿರುಗುವಂಥದ್ದು) ನಿಮಿಷಕ್ಕೆ 750 ಸುತ್ತು ತಿರುಗಿ ಉಲ್ಕೆಯ ಗೆರೆಯನ್ನು ಸೆಕೆಂಡಿಗೆ 25 ಬಾರಿ ತುಂಡರಿಸುತ್ತದೆ, ಯಾವ ಕರೆಂಟಿನಲ್ಲಿ ಓಡಿಸಿದರೂ ವ್ಯತ್ಯಾಸವಾಗದು ಎಂದು ಮಾರಾಟಗಾರರು ಭರವಸೆ ಕೊಟ್ಟಿದ್ದರು. ಡಿಸೆಂಬರ್ 13ರ ರಾತ್ರಿ ಜೆಮಿನಿಡ್ ಉಲ್ಕಾವೃಷ್ಟಿಗೆಂದು, ಒಂದೇ ಉಲ್ಕೆಯನ್ನು ಎರಡು ಕಡೆಯಿಂದ ಹಿಡಿದು ಅದರ ದೂರ ತಿಳಿಯಲು, ಒಂದು ಕ್ಯಾಮೆರಾವನ್ನು ಕಾರವಾರದ ಕಡಲತೀರದಲ್ಲಿಯೂ, ಶಟರ್ ಜೋಡಿಸಿದ ಇನ್ನೊಂದನ್ನು ಅಲ್ಲಿಂದ ನೇರ ಅಂತರದಲ್ಲಿ ಸುಮಾರು 80 ಕಿ.ಮೀ. ದೂರದ ಶಿರಸಿಯ ಬಳಿ ಅಡಿಕೆ ತೋಟದ ಅಂಚಿನಲ್ಲಿಯೂ ಇಟ್ಟೆವು. ಘಟ್ಟದ ಮೇಲೆ ಕರೆಂಟು ಹೋಗುವುದು ಹೊಸದಲ್ಲವಾದ್ದರಿಂದ ಬಾಡಿಗೆಗೆ ಜನರೇಟರ್ ತಂದಿದ್ದೆವು. ಮಾರಾಟಗಾರರು ಹೇಳಿಕೊಟ್ಟಂತೆಯೇ ಅದರಿಂದ ಚೋಕ್ ಇರುವ ಟ್ಯೂಬ್‌ಲೈಟ್ ಉರಿಸಿ ನೋಡಿದಾಗ ಚಕ್ರವು ಎಂಟು ಅಲಗುಗಳಾಗಿ ಸ್ತಬ್ಧವಾಗಿ ಕಂಡಿತು.

ಕಾಣದೆ ಇನ್ನೇನು? 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, ಅಂದರೆ ಚಕ್ರದ ಒಂದು ಸುತ್ತಿಗೆ ಎಂಟು ಬಾರಿ; ಅದಕ್ಕೇ ಎಂಟು ಅಲಗು. ಆವರ್ತನ 52ಕ್ಕೆ ಏರಿದರೆ ದೀಪ 104 ಬಾರಿ ಮಿನುಗುತ್ತದೆ, ಮೋಟರೂ ಅದೇ ಪ್ರಮಾಣದಲ್ಲಿ ಓಡುತ್ತದೆ, ಚಕ್ರ ಮಾತ್ರ ನಿಂತೇ ಇರುತ್ತದೆ. ಕಳ್ಳನ ಪರವಾಗಿ ಅವನ ತಮ್ಮನಿಂದಲೇ ಸಾಕ್ಷಿ ಹೇಳಿಸುವ ಪರೀಕ್ಷೆಯಿದು.

ಜೆಮಿನಿಡ್‌ಗಳು ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ಬರುತ್ತವೆ. ಸೆಕೆಂಡಿಗೆ 25 ತುಂಡೆಂದು ನಂಬಿ ಹಾಕಿದ ನಮ್ಮ ಲೆಕ್ಕದಲ್ಲಿ ಹಲವು ಉಲ್ಕೆಗಳು 33.5ರ ಆಸುಪಾಸಿಗೆ ಇಳಿದಿದ್ದವು. ಬಳಿಕ ಅಳೆದಾಗ ಹೊರೆ ಕಡಿಮೆಯಿದ್ದರೆ ಶಟರ್ 26 ಬಾರಿ ತುಂಡರಿಸುವುದೂ, ಚಹಾಕ್ಕೆಂದು ಕೆಟಲ್ ಹಾಕಿದೊಡನೆ ವೇಗ ತಗ್ಗುವುದೂ ಗೊತ್ತಾಯಿತು. ಹೀಗೆ ಏರಿಳಿಯುವ ದೋಷಕ್ಕೆ ಒಂದೇ ತಿದ್ದುಪಡಿ ಸಾಲದು. ಕಕ್ಷೆಯ ಲೆಕ್ಕ ವೇಗದ ವರ್ಗವನ್ನು ಅವಲಂಬಿಸಿರುವುದರಿಂದ ಸಣ್ಣ ತಪ್ಪೂ ಅಲ್ಲಿ ಹಿಗ್ಗುತ್ತದೆ. ಈ ಉಲ್ಕೆಗಳ ಮೂಲವೆನ್ನಲಾಗುವ, 1983ರಲ್ಲಿ ಪತ್ತೆಯಾದ ಕ್ಷುದ್ರಗ್ರಹ ಫೇಥಾನ್‌ನ ಕಕ್ಷೆಯೊಂದಿಗೆ ನಮ್ಮ ಫಲಿತಾಂಶವನ್ನು ಹೋಲಿಸುವ ಆಸೆ ಅಲ್ಲಿಗೇ ಮುಗಿಯಿತು. ಮಾರಾಟಗಾರರು ಜನರೇಟರಿನವರತ್ತ ಬೆರಳು ತೋರಿಸಿದರು. ಜನರೇಟರಿನವರು ದೀಪ ಉರಿಯಿತಲ್ಲ ಎಂದರು.

ವೇಗವನ್ನು ಅಳೆಯುವ ಸಾಧನ ಶಟರಿನ ಕರೆಂಟನ್ನು ಅವಲಂಬಿಸಿರಬಾರದು. ಅಲಗಿನ ಒಂದು ಬದಿಗೆ ಬ್ಯಾಟರಿಯ ಎಲ್‌ಇಡಿ, ಇನ್ನೊಂದು ಬದಿಗೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಫೋಟೊಟ್ರಾನ್ಸಿಸ್ಟರ್ ಇಟ್ಟು, ಬೆಳಕು ಲೆನ್ಸಿಗೆ ಸೋರದಂತೆ ಎರಡನ್ನೂ ಕಪ್ಪು ಕೊಳವೆಯೊಳಗೆ ಕೂರಿಸಿ, ಸಂಕೇತವನ್ನು ಸ್ವಂತ ಬ್ಯಾಟರಿಯಲ್ಲಿ ನಡೆಯುವ ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಕೊಟ್ಟು ಧ್ವನಿಯಂತೆ ಮುದ್ರಿಸಿಕೊಳ್ಳಿ. ಹತ್ತು ಸೆಕೆಂಡಿಗೆ 250 ಮಿಡಿತಗಳಿರಬೇಕು. ಮುದ್ರಣ ರಾತ್ರಿಯಿಡೀ ನಡೆಯಲಿ, ಆಗ ಪ್ರತಿ ಉಲ್ಕೆಗೂ ಅದು ಬಿದ್ದ ಹೊತ್ತಿನ ಶಟರ್ ವೇಗವೇ ಸಿಗುತ್ತದೆ. ಸುತ್ತಿನ ವೇಗ ತೋರಿಸುವ, ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರ್ ಆ ಕ್ಷಣದ ಲೆಕ್ಕವನ್ನಷ್ಟೇ ಕೊಡುತ್ತದೆ. ಅದನ್ನು ಬಳಸುವುದಾದರೆ ಹೊಳೆಯುವ ಪಟ್ಟಿಯನ್ನು ಒಂದೇ ಅಲಗಿಗೆ ಅಂಟಿಸಿ. ಎರಡಕ್ಕೂ ಅಂಟಿಸಿದರೆ ಅದು 750ರ ಬದಲು 1500 ತೋರಿಸುತ್ತದೆ.