ಮಣ್ಣು ಉಳುವ ಟಿಲ್ಲರ್ ಯಂತ್ರದಲ್ಲಿ ಬ್ಲೇಡ್ ಮುಂದಿರಬೇಕಾ, ಹಿಂದಿರಬೇಕಾ?

ಈಗಾಗಲೇ ಉತ್ತ ಹೂವಿನ ಪಾತಿಯನ್ನು ಸಡಿಲ ಮಾಡಲು ಮುಂದೆ ಬ್ಲೇಡ್ ಇರುವ ಟಿಲ್ಲರ್ ಸಾಕು. ಹಗುರ, ಇಕ್ಕಟ್ಟಿನಲ್ಲೂ ಸುಲಭವಾಗಿ ತಿರುಗುತ್ತದೆ. ಆದರೆ ಇದರಲ್ಲಿ ಬ್ಲೇಡುಗಳೇ ಯಂತ್ರವನ್ನು ಮುಂದಕ್ಕೆ ಎಳೆಯುತ್ತವೆ. ಗಟ್ಟಿ ನೆಲ ಸಿಕ್ಕರೆ ಕುದುರೆಯಂತೆ ಜಿಗಿಯುತ್ತದೆ, ರಟ್ಟೆ ಸೋಲುತ್ತದೆ.

ಹಿಂದೆ ಬ್ಲೇಡ್ ಇರುವುದರಲ್ಲಿ ಚಕ್ರಗಳನ್ನು ಎಂಜಿನ್ನೇ ತಿರುಗಿಸುತ್ತದೆ. ನೀವು ಸುಮ್ನೆ ದಾರಿ ತೋರಿಸಿದರೆ ಆಯ್ತು. ಬ್ಲೇಡ್ ಚಕ್ರಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಮಾದರಿಯಾದರೆ ಹೊಸ ನೆಲವನ್ನೂ ಒಡೆಯುತ್ತದೆ. ತೂಕ, ಬೆಲೆ ಎರಡೂ ಜಾಸ್ತಿ. ಬ್ಲೇಡುಗಳು ನಿಮ್ಮ ಕಾಲಿನ ಕಡೆಗೇ ಇರುತ್ತವೆ. ಹಾಗಾಗಿ ರಿವರ್ಸ್ ಹಾಕುವಾಗ ಬೆನ್ನ ಹಿಂದೆ ಗೋಡೆ, ಮರ ಇಲ್ಲವೆಂದು ನೋಡಿಕೊಳ್ಳಿ. ಗಟ್ಟಿ ಬೂಟು ಬೇಕೇ ಬೇಕು.

ದೊಡ್ಡ ಜಾಗ, ಕಲ್ಲು ಕಡಿಮೆ ಅಂದ್ರೆ ನನ್ನ ಓಟು ಎರಡನೆಯದಕ್ಕೆ. ನಾಲ್ಕು ಪಾತಿಗೆ ಅಷ್ಟು ಭಾರ ಯಾಕೆ, ಅಲ್ವಾ?

ಯಾವುದೇ ತಂದರೂ ಮೊದಲ ಸುತ್ತು 2–3 ಇಂಚು ಆಳ ಸಾಕು, ಮುಂದಿನ ಸುತ್ತಿಗೆ ಆಳ ಹೆಚ್ಚಿಸಿ. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಬೆರಳಿಂದ ತಟ್ಟಿ. ಉದುರದೆ ಉಂಡೆಯಾಗೇ ಉಳಿದರೆ ಆ ದಿನ ಉಳಬೇಡಿ, ಹೆಂಟೆ ಕಟ್ಟುತ್ತದೆ. ಬ್ಲೇಡಿಗೆ ಬೇರು ಸುತ್ತಿದರೆ ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ, ಆಮೇಲೆ ಕೈ ಹಾಕಿ.