ಮಿಕ್ಸಿ ಅಲ್ಲ, ಲೆನ್ಸು: 50 ಎಂಎಂ ಎಫ್ 1.8 ಜೊತೆ ನಾಲ್ಕು ವರ್ಷ

‘ಏನ್ರೀ, ಮಿಕ್ಸಿ ತಂದಿದ್ದೀರಾ?’

ಮೈಸೂರು ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ, ನಾಟಕದ ನಡುವೆ, ಮುಂದಿನ ಸಾಲಿನ ಹಿರಿಯರೊಬ್ಬರು ಹಿಂದಕ್ಕೆ ತಿರುಗಿ ಕೇಳಿದರು. ವೇದಿಕೆ ಮೇಲೆ ತಾಯಿ ಪಾತ್ರದವರು ಒಂದೂ ಮಾತಾಡದೆ ಮಗನ ಅಂಗಿ ಮಡಚುತ್ತಿದ್ದರು. ಒಬ್ಬರೂ ಕೆಮ್ಮುತ್ತಿರಲಿಲ್ಲ. ಆ ಹೊತ್ತಿಗೇ ನನ್ನ ಲೆನ್ಸು ‘ಕರ್ರ್... ಕರ್ರ್’ ಅಂತ ಫೋಕಸ್ ಹುಡುಕಲು ಶುರು ಮಾಡಿತ್ತು. ಫೋಟೋ ಬರಲಿಲ್ಲ, ಮಾನ ಹೋಯಿತು.

ಆರು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಹಳೇ ಮಾದರಿ ಇದು. ಕಂಪನಿ ಹೆಸರು ಬೇಡ ಬಿಡಿ. ತಗೊಂಡಿದ್ದಕ್ಕೆ ಕಾರಣ ಮಗಳು. ಬೇಸಿಗೆಯ ಚಿಣ್ಣರ ಮೇಳದ ನಾಟಕದಲ್ಲಿ ಅವಳು ಮರ ಆಗಿದ್ದಳು. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸಿನಲ್ಲಿ ತೆಗೆದ ಫೋಟೋ ನೋಡಿದರೆ ಅದು ಮರವೋ ಮಗಳೋ ನನಗೇ ಗೊತ್ತಾಗಲಿಲ್ಲ. ಆ ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಬೆಳಕು ಬರುವ ಕಿಂಡಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಇದನ್ನು 1.8ಕ್ಕೆ ತೆರೆದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಬೆಳಕು ಹಿಡಿಯಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕಿದ್ದ ಕಡೆ ಇನ್ನೂರನೇ ಒಂದು ಭಾಗ ಸಾಕು. ಕುಣಿಯುವ ಮಕ್ಕಳ ಕೈ ಕೈಯಾಗಿಯೇ ಕಾಣುತ್ತದೆ. ಮೊದಲ ವರ್ಷ ನಾನು ಇದನ್ನು ಎಷ್ಟು ಹೊಗಳಿದೆ ಅಂದರೆ, ಆಫೀಸಿನಲ್ಲಿ ಇಬ್ಬರು ತಗೊಂಡರು.

ಆಮೇಲೆ ಸದ್ದು ಕಿವಿಗೆ ಬೀಳತೊಡಗಿತು. ಮದುವೆ ಮನೆಯಲ್ಲಿ, ಓಲಗದ ನಡುವೆ, ಇದು ಯಾರಿಗೂ ಕೇಳಿಸುವುದಿಲ್ಲ. ವನರಂಗದಲ್ಲೂ ಪರವಾಗಿಲ್ಲ. ಅದು ಬಯಲು ರಂಗಮಂದಿರ, ರಾತ್ರಿ ಜೀರುಂಡೆಗಳೇ ನನ್ನ ಮರ್ಯಾದೆ ಕಾಪಾಡುತ್ತವೆ. ನಾಲ್ಕು ಗೋಡೆಯ ಒಳಗೆ ಹೋದರೆ ಮುಗಿಯಿತು. ಕಷ್ಟ ಏನೆಂದರೆ, ಫೋಕಸ್ ಆಗಬೇಕಾದರೆ ಕ್ಯಾಮೆರಾಗೆ ಕಪ್ಪು-ಬಿಳುಪಿನ ಒಂದು ಅಂಚು ಬೇಕು. ಕಪ್ಪು ಪರದೆ ಮುಂದೆ ಕಪ್ಪು ಬಟ್ಟೆಯವರು ನಿಂತು ಮೇಲಿಂದ ನೀಲಿ ಲೈಟು ಬಿದ್ದರೆ, ಪಾಪ, ಅದಾದರೂ ಏನು ಹಿಡಿದೀತು? ಹಿಂದೆ ಮುಂದೆ ಒದ್ದಾಡುತ್ತದೆ. ನಾಟಕದಲ್ಲಿ ಬೆಳಕು ತಗ್ಗುವುದು ಮಾತು ತಗ್ಗಿದಾಗಲೇ ಅಲ್ವಾ? ಅಂದರೆ ಎಲ್ಲರೂ ಸುಮ್ಮನಿರುವಾಗಲೇ ಇದು ಬಾಯಿ ಬಿಡುವುದು.

ಮಿಕ್ಸಿ ಮಾತು ಕೇಳಿದ ರಾತ್ರಿ ಮಾರಿಬಿಡೋಣ ಅನ್ನಿಸಿತ್ತು. ಮಾರಲಿಲ್ಲ. ಅವತ್ತಿನಿಂದ ನನ್ನದೊಂದು ಪದ್ಧತಿ ಬೆಳೆದಿದೆ.

ಗೇಟು ತೆಗೆಯುವ ಮುಂಚೆಯೇ ಹೋಗುತ್ತೇನೆ. ಹೊರಗೆ ಒಂದು ಟೀ. ತಂಡದವರನ್ನು ಕಂಡು ಫೋಟೋ ತೆಗೆಯಬಹುದಾ ಅಂತ ಕೇಳುತ್ತೇನೆ. ‘ಫ್ಲ್ಯಾಶ್ ಹಾಕಬೇಡಿ ಸಾರ್’ ಅನ್ನುತ್ತಾರೆ, ನಾನು ಫ್ಲ್ಯಾಶ್ ತಂದೇ ಇರುವುದಿಲ್ಲ. ಗ್ರ್ಯಾಂಡ್ ರಿಹರ್ಸಲ್‌ಗೆ ಬರುತ್ತೇನೆ ಅಂದರೆ ಇನ್ನೂ ಖುಷಿ ಪಡುತ್ತಾರೆ. ಒಳಗೆ ಹೋಗಿ ಮೂರನೇ ಸಾಲಿನ ಬದಿಯ ಕುರ್ಚಿ ಹಿಡಿಯುತ್ತೇನೆ. ಕತ್ತಲಲ್ಲಿ ಫೋಕಸ್‌ಗೆ ನೆರವಾಗಲು ಉರಿಯುವ ಕ್ಯಾಮೆರಾದ ದೀಪವನ್ನು ಮೆನುವಿನಲ್ಲಿ ಆಫ್ ಮಾಡುತ್ತೇನೆ. ನಂಬಿಕೆ ಸಾಲದೆ ಅದರ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನ ಒಂದು ಚೂರು ಅಂಟಿಸುತ್ತೇನೆ. ಹಿಂದಿನ ಸ್ಕ್ರೀನೂ ಆಫ್. ಲೈಟಿನವರು ದೀಪ ಪರೀಕ್ಷೆ ಮಾಡುವಾಗ ವೇದಿಕೆ ನಡುವಿನ ಕುರ್ಚಿಗೋ ಮಡಕೆಗೋ ಒಂದೇ ಸಲ ಫೋಕಸ್ ಮಾಡಿ, ಗುಂಡಿಯನ್ನು ಮ್ಯಾನುಯಲ್‌ಗೆ ತಳ್ಳಿ, ರಿಂಗ್ ಅಲ್ಲಾಡದ ಹಾಗೆ ಅದಕ್ಕೂ ಟೇಪು. ಕಿಂಡಿ 2.8. ನಾನು ಕೂರುವ ಜಾಗದಿಂದ ನಟರು ಎಂಟು ಮೀಟರ್ ದೂರ ಇರುತ್ತಾರೆ. ನನ್ನ ಕ್ಯಾಮೆರಾದ ಕ್ರಾಪ್ ಸೆನ್ಸರಿನಲ್ಲಿ (ಫುಲ್ ಫ್ರೇಮ್‌ಗಿಂತ ಚಿಕ್ಕದು) ಆ ದೂರಕ್ಕೆ ಸುಮಾರು ಮೂರು ಮೀಟರ್ ಆಳದಷ್ಟು ಸ್ಪಷ್ಟವಾಗಿ ಬರುತ್ತದೆ. ಮುಖ್ಯ ದೃಶ್ಯಗಳೆಲ್ಲ ಹೆಚ್ಚುಕಮ್ಮಿ ಅದರೊಳಗೇ ನಡೆಯುತ್ತವೆ. ಯಾರಾದರೂ ತೀರಾ ಹಿಂದಕ್ಕೆ ಹೋದರೆ ಹೋಗಲಿ, ಅವರನ್ನು ಸುಮ್ನೆ ಕಣ್ಣಿನಲ್ಲೇ ನೋಡುತ್ತೇನೆ.

ಕರ್ರ್ ಸದ್ದು ಹೋಯಿತು. ಈಗ ಉಳಿದಿರುವುದು ಕ್ಯಾಮೆರಾದ ‘ಟಪ್’. ಅದನ್ನು ಚಪ್ಪಾಳೆಗೋ, ತಮಟೆ ಪೆಟ್ಟಿಗೋ, ಜನ ನಗುವ ಹೊತ್ತಿಗೋ ಹೊಂದಿಸಿ ಒತ್ತುತ್ತೇನೆ. ಎರಡು ಗಂಟೆಯ ನಾಟಕಕ್ಕೆ ಮೊದಲೆಲ್ಲ ಆರುನೂರು ಫೋಟೋ ತೆಗೆಯುತ್ತಿದ್ದೆ, ಈಗ ತೊಂಬತ್ತು. ಮನೆಗೆ ಬಂದು ಅಳಿಸುವ ಕೆಲಸ ಕಮ್ಮಿ. ಹೆಂಡತಿಗೆ ಈ ಲೆನ್ಸಿನಲ್ಲಿ ಹಿಡಿಸಿದ ಗುಣ ಅಂದರೆ ಇದೊಂದೇ.

ಬೇರೆ ಕೊರತೆಗಳೂ ಇವೆ. ಇದರಲ್ಲಿ ಝೂಮ್ ಇಲ್ಲ. ಕಲಾಮಂದಿರದಂಥ ದೊಡ್ಡ ಸಭಾಂಗಣದಲ್ಲಿ ಹಿಂದೆ ಸೀಟು ಸಿಕ್ಕಿದರೆ ನಟರು ಬೆರಳಿನ ಗಾತ್ರ. ದಸರಾಕ್ಕೆ ಅರಮನೆ ಮುಂದಿನ ಸಂಗೀತ ಕಛೇರಿಗಂತೂ ಇದನ್ನು ಒಯ್ಯುವುದೇ ದಂಡ. ಪೂರ್ತಿ 1.8ಕ್ಕೆ ತೆರೆದರೆ ಅಂಚುಗಳು ಸ್ವಲ್ಪ ಮಂಕು. ಕೆಂಪು ಎಲ್‌ಇಡಿ ಬೆಳಕಿನಲ್ಲಿ ಮುಖಕ್ಕೆ ಕುಂಕುಮ ಮೆತ್ತಿದ ಹಾಗಾಗಿ ಕಣ್ಣು ಮೂಗು ಒಂದಾಗುತ್ತವೆ, ಆದರೆ ಅದು ಲೆನ್ಸಿನ ತಪ್ಪಲ್ಲ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇಟ್ಟುಕೊಂಡು, ಬೇಕಾದ್ದಕ್ಕಿಂತ ಒಂಚೂರು ಕಪ್ಪಾಗಿಯೇ ತೆಗೆಯಿರಿ.

ಹೊಸದಾಗಿ ಕೊಳ್ಳುವವರು ಸದ್ದಿಲ್ಲದ ಮೋಟರಿನದ್ದನ್ನೇ ನೋಡಿ. ಅಂಗಡಿಯಲ್ಲಿ ಒಂದು ಕೆಲಸ ಮಾಡಿ: ಲೆನ್ಸ್ ಮೇಲೆ ಮುಚ್ಚಳ ಇಟ್ಟೇ ಫೋಟೋ ತೆಗೆಯುವ ಗುಂಡಿಯನ್ನು ಅರ್ಧ ಒತ್ತಿ, ಅದು ಕತ್ತಲಲ್ಲಿ ತಡಕಾಡುವ ಸದ್ದು ಕೇಳಿಸಿಕೊಳ್ಳಿ. ಹೊರಗಿನ ಟ್ರಾಫಿಕ್ಕಿನಲ್ಲಿ ಏನೂ ಕೇಳಲಿಲ್ಲ ಅಂದರೆ ಬಾಗಿಲು ಹಾಕಿಸಿ. ನಗುತ್ತಾರೆ, ನಗಲಿ.

ನನ್ನದನ್ನು ಹೋದ ತಿಂಗಳು ರಿಪೇರಿಯವರಿಗೆ ತೋರಿಸಿದೆ. ಗೇರು ಸವೆದಿದೆ, ಒಂದೂವರೆ ಸಾವಿರ ಆಗುತ್ತದೆ, ಆದರೂ ಸದ್ದು ಪೂರ್ತಿ ಹೋಗುವುದಿಲ್ಲ ಅಂದರು. ‘ಹಾಗಾದರೆ ಬೇಡ ಬಿಡಿ’ ಅಂತ ವಾಪಸ್ ತಂದೆ. ದಾರಿಯಲ್ಲಿ ಹತ್ತು ರೂಪಾಯಿ ಕೊಟ್ಟು ಹೊಸ ಟೇಪಿನ ಸುರುಳಿ ತಗೊಂಡೆ.