ಸೌಂಡ್ ರಿಪೇರಿಗೆ ಕೊಟ್ರೆ ಲ್ಯಾಪ್‌ಟಾಪ್ ಬೂಟೇ ಆಗದ ಹಾಗೆ ಮಾಡಿ ಕಳಿಸ್ತಾರೆ, ಹುಷಾರು

ಲಿನಕ್ಸ್ (ವಿಂಡೋಸ್ ತರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಲ್ಯಾಪ್‌ಟಾಪ್ ಇಟ್ಕೊಂಡಿರೋರು, ಅದ್ರಲ್ಲೂ ನಮ್ಮ ತುಮಕೂರು ಕಡೆಯೋರು, ದಯವಿಟ್ಟು ಇದನ್ನ ಪೂರ್ತಿ ಓದಿ. ಅಂಗಡಿ ಹೆಸರು ಹಾಕಲ್ಲ, ಹಾಕಿದ್ರೆ ಅದೇ ಇನ್ನೊಂದು ರಾಮಾಯಣ. ಆದ್ರೆ ನಡೆದಿದ್ದು ನಡೆದ ಹಾಗೇ ಹೇಳ್ತೀನಿ, ಯಾಕಂದ್ರೆ ಇನ್ನೂ ಹೊಟ್ಟೆ ಉರಿತಾ ಇದೆ.

ನಾನು ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಟ್ಯೂಷನ್ ಮಾಡ್ತೀನಿ. ಕೆಲವ್ರು ಮನೆಗೆ ಬರ್ತಾರೆ, ಉಳಿದೋರು ಆನ್‌ಲೈನ್. ಲ್ಯಾಪ್‌ಟಾಪ್ ನಮ್ಮನೆಯೋರ ಆಫೀಸಿನವರೊಬ್ರು ಮಾರಿದ್ದು, ಲಿನಕ್ಸಲ್ಲೇ ಒಂದು ಬಗೆಯಾದ ಡೆಬಿಯನ್ 11 ಹಾಕಿ ಕೊಟ್ಟಿದ್ರು. ಒಳ್ಳೆ ಮಷೀನು, ಬೇರೆ ಯಾವ ತೊಂದ್ರೆನೂ ಇಲ್ಲ, ಸ್ಪೀಕರ್‌ನಲ್ಲಿ ಮಾತ್ರ ಸೌಂಡ್ ಇಲ್ಲ. ಸೆಟ್ಟಿಂಗ್ಸ್‌ಗೆ ಹೋದ್ರೆ ಡಮ್ಮಿ ಔಟ್‌ಪುಟ್ ಅಂತ ಬರ್ತಿತ್ತು, ಅಂದ್ರೆ ಅದಕ್ಕೆ ಸ್ಪೀಕರೇ ಕಾಣ್ತಿಲ್ಲ ಅಂತ. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಹೆಂಗೋ ನಡೀತಿತ್ತು, ಅದು ಕೆಟ್ಟೋಯ್ತು, ಸರಿ ಸ್ಪೀಕರನ್ನೇ ರೆಡಿ ಮಾಡ್ಸೋಣ ಅಂತ ಅಂಗಡಿಗೆ ತಗೊಂಡೋದೆ. ಬೋರ್ಡಲ್ಲಿ ದೊಡ್ಡದಾಗಿ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲಾ ಸರ್ವಿಸ್ ಮಾಡ್ತೀವಿ ಅಂತ ಬರ್ದಿದೆ. ಲಿನಕ್ಸ್ ಬರತ್ತಾ ಅಂತ ಬಾಯ್ಬಿಟ್ಟು ಕೇಳ್ದೆ ಕೂಡ. "ಅಯ್ಯೋ ಮೇಡಂ, ಹತ್ತು ವರ್ಷದಿಂದ ಅದೇ ಮಾಡ್ತಿರೋದು" ಅಂದ.

ಪಾಸ್‌ವರ್ಡ್ ಕೇಳ್ದ, ಕೊಟ್ಟೆ. ಕಪ್ಪು ಸ್ಕ್ರೀನಲ್ಲಿ ಏನೇನೋ ಟೈಪ್ ಮಾಡ್ದ, ಒಂದ್ಸಲ ರೀಸ್ಟಾರ್ಟ್ ಮಾಡ್ದ, ಸೌಂಡ್ ಬಂತು. ನಿಜವಾಗ್ಲೂ ಬಂತು, ಸುಳ್ಳು ಹೇಳಲ್ಲ. ಖುಷಿ ಆಯ್ತು. ಆದ್ರೆ ಮೈಕ್ ಹೋಯ್ತು! ಅಲ್ಲೇ ರೆಕಾರ್ಡ್ ಮಾಡಿ ನೋಡಿದ್ರೆ ನನ್ನ ಧ್ವನಿನೇ ಇಲ್ಲ. ಕೇಳಿದ್ರೆ "ಮೇಡಂ, ಈ ಮಾಡೆಲ್‌ನಲ್ಲಿ ಮೈಕ್ ಸುಟ್ಟೋಗೋದು ಕಾಮನ್ನು, ಯುಎಸ್‌ಬಿ ಮೈಕ್ ತಗೊಳಿ" ಅಂತ ಶೋಕೇಸಿಂದ ತೆಗ್ದು ಟೇಬಲ್ ಮೇಲೆ ಇಟ್ಟ. 850 ರೂಪಾಯಿ. ರಿಪೇರಿಗೆ 1200. ಬಿಲ್ ಕೇಳಿದ್ರೆ ಪ್ರಿಂಟರ್ ಸರಿ ಇಲ್ಲ ಅಂದ. ಕಂಪ್ಯೂಟರ್ ಅಂಗಡಿ, ಪ್ರಿಂಟರ್ ಸರಿ ಇಲ್ಲ.

ಹೊರಡೋ ಹೊತ್ತಿಗೆ "ಒಂದ್ನಿಮಿಷ ಮೇಡಂ, ಆನ್ ಮಾಡ್ದಾಗೆಲ್ಲ ಮ್ಯೂಟ್ ಆಗೋ ಚಾನ್ಸ್ ಇದೆ, ಪರ್ಮನೆಂಟ್ ಆಗಿ ಒಂದು ಸರ್ವಿಸ್ ಹಾಕ್ತೀನಿ" ಅಂತ (ಸರ್ವಿಸ್ ಅಂದ್ರೆ ಹಿಂದೆ ತಾನಾಗೇ ಓಡೋ ಪ್ರೋಗ್ರಾಂ) ಇನ್ನೇನೋ ಟೈಪ್ ಮಾಡಿ ಮುಚ್ಚಿ ಕೈಗೆ ಕೊಟ್ಟ. ಇದನ್ನ ನೆನಪಿಟ್ಕೊಳಿ. ಈ ಕೊನೇ ಟೈಪಿಂಗ್ ಆದ್ಮೇಲೆ ಅವನು ರೀಸ್ಟಾರ್ಟ್ ಮಾಡಿ ತೋರಿಸ್ಲಿಲ್ಲ. ಶಟ್‌ಡೌನೂ ಮಾಡ್ಲಿಲ್ಲ, ಹಂಗೇ ಮಡಚಿ ಕೊಟ್ಟ.

ರಾತ್ರಿ ಕೆಲ್ಸ ಮುಗ್ಸಿ ಶಟ್‌ಡೌನ್ ಮಾಡಿ ಮಲಗ್ದೆ. ಬೆಳಿಗ್ಗೆ ಆರೂವರೆ ಕ್ಲಾಸಿಗೆ ಆನ್ ಮಾಡಿದ್ರೆ ಕಪ್ಪು ಸ್ಕ್ರೀನು. ಕೆಂಪು ನಕ್ಷತ್ರ ಚಿಹ್ನೆಗಳು ಆ ಕಡೆಯಿಂದ ಈ ಕಡೆ ಓಡಾಡ್ತಾ ಇವೆ, ಪಕ್ಕದಲ್ಲಿ ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್ ಸೌಂಡ್ ಫಿಕ್ಸ್ ಅಂತ ಇಂಗ್ಲಿಷಲ್ಲಿ, ಬ್ರಾಕೆಟ್ಟಲ್ಲಿ ನಿಮಿಷ ಸೆಕೆಂಡು ಏರ್ತಾ ಇದೆ, ಅದರ ಮುಂದೆ ನೋ ಲಿಮಿಟ್. ಕಾದೆ. ಅಡುಗೆ ಮನೆಗೆ ಹೋಗಿ ಹಾಲು ಕಾಯಿಸ್ಕೊಂಡು ಬಂದೆ, ಇನ್ನೂ ಅದೇ. ಪವರ್ ಬಟನ್ ಒತ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದ್ರೆ ಮತ್ತದೇ ನಕ್ಷತ್ರ, ಮತ್ತದೇ ಸೌಂಡ್ ಫಿಕ್ಸ್. ಆ ಕಡೆ ಮಕ್ಕಳು ವಾಟ್ಸಾಪಲ್ಲಿ ಮಿಸ್ ಲಿಂಕ್ ಎಲ್ಲಿ, ಮಿಸ್ ಕ್ಲಾಸ್ ಇದ್ಯಾ ಅಂತ ಶುರು ಮಾಡ್ಕೊಂಡ್ರು. ಒಬ್ಬ ಹುಡುಗನ ಅಪ್ಪ ಫೋನೇ ಮಾಡಿಬಿಟ್ರು, ಫೀಸ್ ಕಟ್ಟಿಲ್ವಾ ನಾವು ಅನ್ನೋ ಧಾಟಿಯಲ್ಲಿ. ಆ ಬೆಳಿಗ್ಗೆ ನನ್ನ ಮರ್ಯಾದೆ ಹೋಗಿದ್ದು ಹೇಳೋಕಾಗಲ್ಲ.

ಸ್ಕ್ರೀನ್ ಫೋಟೋ ತೆಗ್ದು ಅವನಿಗೆ ಕಳಿಸ್ದೆ. ಉತ್ತರ ನೋಡಿ:

"ಮೇಡಂ ಅದು ಲಿನಕ್ಸ್ ಕಂಪನಿ ಮೆಸೇಜು, ಅಪ್ಡೇಟ್ ಆಗ್ತಿದೆ, ವೇಟ್ ಮಾಡಿ."

ಲಿನಕ್ಸ್ ಕಂಪನಿ! ಆಗ್ಲೇ ನನಗೆ ಎಲ್ಲೋ ಹೊಡೀಬೇಕಿತ್ತು ಅಂತ ನಮ್ಮನೆಯೋರು ಈಗ್ಲೂ ಆಡ್ಕೋತಾರೆ. ಮಧ್ಯಾಹ್ನದವರೆಗೂ ಕಾದು ಫೋನ್ ಮಾಡ್ದೆ. ನಿನ್ನೆ ಸೌಂಡ್ ಬಂತೋ ಇಲ್ವೋ, ನೀವೇ ಕಿವಿಯಾರೆ ಕೇಳಿದ್ರಿ ತಾನೇ ಅಂತ ನನಗೇ ಪ್ರಶ್ನೆ. ಸೌಂಡ್ ಬಂತು ಕಣ್ರೀ, ಈಗ ಮಷೀನೇ ಬರ್ತಿಲ್ಲ ಅಂದೆ. "ಅದು ಬೇರೆ ಪ್ರಾಬ್ಲಮ್ಮು ಮೇಡಂ. ಹಾರ್ಡ್‌ಡಿಸ್ಕ್ ವೀಕ್ ಆಗಿದೆ." ಇದ್ರಲ್ಲಿ ಹಾರ್ಡ್‌ಡಿಸ್ಕೇ ಇಲ್ವಲ್ರೀ, ಎಸ್‌ಎಸ್‌ಡಿ ಇರೋದು ಅಂದ್ರೆ ಒಂದು ಕ್ಷಣ ಸುಮ್ನಾದ, ಆಮೇಲೆ "ಎಸ್‌ಎಸ್‌ಡಿನೂ ವೀಕ್ ಆಗತ್ತೆ ಮೇಡಂ" ಅಂದ. ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಹಾಕಿ, ಡೇಟಾ ತೆಗೆದು ಕೊಡೋಕೆ ಎಲ್ಲಾ ಸೇರಿ 5500. ಡೇಟಾ ಗ್ಯಾರಂಟಿ ಇಲ್ವಂತೆ. ನನ್ನ ನೋಟ್ಸು, ಪ್ರಶ್ನೆಪತ್ರಿಕೆ, ಮಕ್ಕಳ ಫೀಸ್ ಲೆಕ್ಕ ಎಲ್ಲಾ ಅದ್ರಲ್ಲೇ ಇದೆ. ಆಯ್ತು ಸಂಜೆ ತರ್ತೀನಿ ಅಂತ ಹೇಳೇಬಿಟ್ಟಿದ್ದೆ.

ಪುಣ್ಯಕ್ಕೆ ಅಷ್ಟೊತ್ತಿಗೆ ಅಕ್ಕನ ಮಗ ಫೋನ್ ಮಾಡ್ದ. ಪುಣೆಯಲ್ಲಿ ಕೆಲ್ಸ ಅವನಿಗೆ, ಇದೇ ಸರ್ವರ್ ನೋಡ್ಕೊಳೋ ಕೆಲ್ಸ. ವಿಡಿಯೋ ಕಾಲಲ್ಲಿ ಸ್ಕ್ರೀನ್ ತೋರಿಸ್ದೆ, ನೋಡ್ತಿದ್ದ ಹಾಗೇ ಕೇಳ್ದ, "ಚಿಕ್ಕಮ್ಮ, ಈ ಸೌಂಡ್ ಫಿಕ್ಸ್ ಅನ್ನೋದು ಡೆಬಿಯನ್ನಿಂದಲ್ಲ, ಯಾರು ಹಾಕಿದ್ದು?" ಅಂತ.

ಅವನು ಹೇಳಿದ್ದು ನನಗೆ ಅರ್ಥ ಆದಷ್ಟು ಇಲ್ಲಿ ಹಾಕ್ತೀನಿ. ಲಿನಕ್ಸಲ್ಲಿ ಸೌಂಡ್ ನೋಡ್ಕೊಳೋಕೆ ಹಿಂದೆ ಒಂದು ಪ್ರೋಗ್ರಾಂ ಓಡ್ತಿರತ್ತೆ. ಡೆಬಿಯನ್ 11ರಲ್ಲಿ ಅದು ಪಲ್ಸ್‌ಆಡಿಯೋ, ಈಗಿನ ಹೊಸ ಫೆಡೋರಾ, ಉಬುಂಟು ಅನ್ನೋ ಬೇರೆ ಲಿನಕ್ಸ್‌ಗಳಲ್ಲಿ ಪೈಪ್‌ವೈರ್. ಎರಡೂ ಶುರುವಾಗೋದು ನೀವು ಲಾಗಿನ್ ಆದ್ಮೇಲೆ, ನಿಮ್ಮ ಹೆಸರಲ್ಲಿ. ಅಂದ್ರೆ ಸರಿಯಾಗಿ ಹಾಕಿದ್ದ ಆಡಿಯೋ ಸರ್ವಿಸ್ ಕೆಟ್ರೂ ಸೌಂಡ್ ಹೋಗ್ಬಹುದೇ ಹೊರತು ಲಾಗಿನ್ ಸ್ಕ್ರೀನ್ ಬರದೇ ಇರೋ ಹಾಗೆ ಆಗಲ್ಲ. ಈ ಅಂಗಡಿಯವನು ಏನ್ ಮಾಡಿದ್ದಾನೆ, ಪಲ್ಸ್‌ಆಡಿಯೋನ ಇಡೀ ಸಿಸ್ಟಮ್‌ಗೆ ಒಂದೇ ಸರ್ವಿಸ್ ಅಂತ ಬೂಟ್ ಟೈಮಲ್ಲೇ ಶುರುವಾಗೋ ಹಾಗೆ ಹಾಕಿದ್ದಾನೆ. ಮನೆ ಕಂಪ್ಯೂಟರ್‌ಗೆ ಹಾಗೆ ಮಾಡ್ಬೇಡಿ ಅಂತ ಪಲ್ಸ್‌ಆಡಿಯೋ ಮಾಡಿದೋರೇ ಬರ್ದಿಟ್ಟಿದ್ದಾರಂತೆ. ಅದೂ ಹೋಗ್ಲಿ, ಸರ್ವಿಸ್ ಫೈಲಲ್ಲಿ ಟೈಪ್ ಅನ್ನೋ ಕಡೆ ಒನ್‌ಶಾಟ್ ಅಂತ ಹಾಕಿದ್ದಾನೆ. ಒನ್‌ಶಾಟ್ ಅಂದ್ರೆ ಒಂದು ಕೆಲ್ಸ ಮಾಡಿ ಮುಗ್ಸೋ ಪ್ರೋಗ್ರಾಂಗೆ. ಸಿಸ್ಟಮ್‌ಡಿ, ಅಂದ್ರೆ ಆನ್ ಮಾಡ್ದಾಗ ಸರ್ವಿಸ್‌ಗಳನ್ನೆಲ್ಲ ಶುರು ಮಾಡೋ ಪ್ರೋಗ್ರಾಂ, ಆ ಕೆಲ್ಸ ಮುಗಿಯೋವರೆಗೂ ಕಾಯತ್ತೆ. ಪಲ್ಸ್‌ಆಡಿಯೋ ಮುಗಿಯೋ ಪ್ರೋಗ್ರಾಮೇ ಅಲ್ಲ, ಅದು ಓಡ್ತಾನೇ ಇರ್ಬೇಕು! ಬೇರೆ ತರದ ಸರ್ವಿಸ್ ಆಗಿದ್ರೆ ಮಾಮೂಲಿ 90 ಸೆಕೆಂಡ್ ಕಾದು ಸಿಸ್ಟಮ್‌ಡಿ ಕೈ ಬಿಡತ್ತೆ, ಒನ್‌ಶಾಟ್‌ಗೆ ನಾವಾಗೇ ಹಾಕದ ಹೊರತು ಆ ಟೈಮ್ ಮಿತಿನೂ ಇಲ್ಲ. ನೋ ಲಿಮಿಟ್ ಅಂತ ಬರ್ತಿದ್ದು ಅದಕ್ಕೇ. ನಾನು ಸಂಜೆವರೆಗಲ್ಲ, ದೀಪಾವಳಿವರೆಗೆ ಕಾದಿದ್ರೂ ಅದು ಬಿಡ್ತಿರ್ಲಿಲ್ಲ. ಇದ್ರ ಮೇಲೆ ಲಾಗಿನ್ ಸ್ಕ್ರೀನ್‌ಗಿಂತ ಮೊದ್ಲು ಇದು ಆಗ್ಲೇಬೇಕು ಅಂತ ಇನ್ನೊಂದು ಲೈನು. ಬಾಗಿಲಿಗೆ ಅಡ್ಡ ಮಂಚ ಹಾಕ್ಕೊಂಡು ಮಲಗ್ದಂಗೆ.

ಈಗ ಕೇಳಿ, ಎಸ್‌ಎಸ್‌ಡಿ ವೀಕು ಅಂದಿದ್ನಲ್ಲ, ಅದು ಸರಿಯಾಗಿದ್ದು ಹೆಂಗೆ ಅಂತ. ಅದೇ ಕಪ್ಪು ಸ್ಕ್ರೀನಲ್ಲಿ ಕಂಟ್ರೋಲ್, ಆಲ್ಟ್, ಎಫ್2 ಮೂರೂ ಒಟ್ಟಿಗೆ ಒತ್ತು ಅಂದ. ಒತ್ತಿದ್ರೆ ಇನ್ನೊಂದು ಸ್ಕ್ರೀನ್ ಬಂತು, ಲಾಗಿನ್ ಅಂತ ಕೇಳ್ತು. ಹೆಸರು, ಪಾಸ್‌ವರ್ಡ್ ಕೊಟ್ಟೆ, ಒಳಗೆ ಬಂತು! ಮಷೀನ್ ಬದುಕಿತ್ತು, ನನ್ನ ಫೈಲ್‌ಗಳೆಲ್ಲ ಇದ್ವು. ಸಿಸ್ಟಮ್‌ಡಿ-ಅನಲೈಜ್ ಅಂತ ಟೈಪ್ ಮಾಡಿಸ್ದ, ಬೂಟ್ ಇನ್ನೂ ಮುಗಿದಿಲ್ಲ, ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್ ಕೊಟ್ಟು ನೋಡಿ ಅಂತ ಅದೇ ಹೇಳ್ತು. ಅದನ್ನ ಕೊಟ್ರೆ ಒಂದು ಪಟ್ಟಿ. ಸೌಂಡ್ ಫಿಕ್ಸ್ ಒಂದರ ಮುಂದೆ ರನ್ನಿಂಗ್, ಮಿಕ್ಕಿದ್ದೆಲ್ಲದರ ಮುಂದೆ ವೇಟಿಂಗ್. ಎಲ್ಲರೂ ಇವನ ಹಿಂದೆ ಕ್ಯೂ ನಿಂತಿದ್ದಾರೆ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಕೊಡೋದು) ಹಾಕಿ ಸಿಸ್ಟಮ್‌ಸಿಟಿಎಲ್ ಡಿಸೇಬಲ್ ಒಂದು, ಸ್ಟಾಪ್ ಒಂದು, ಎರಡೇ ಕಮಾಂಡು. ಸ್ಟಾಪ್ ಕೊಟ್ಟು ಎಂಟರ್ ಒತ್ತಿದ್ದೇ ತಡ, ಲಾಗಿನ್ ಸ್ಕ್ರೀನ್ ತಾನಾಗೇ ಬಂತು.

ನಿಜ ಹೇಳ್ತೀನಿ, ಖುಷಿ ಆಗ್ಲಿಲ್ಲ, ಮೈಯೆಲ್ಲ ಉರಿದೋಯ್ತು. ಎರಡು ಲೈನು! ಇದಕ್ಕೆ 5500 ಕೇಳಿದ್ದ. ತಾನೇ ಹಾಕಿದ ಸರ್ವಿಸ್ ಹೆಸರು ಫೋಟೋದಲ್ಲಿ ಅಷ್ಟು ದಪ್ಪಗೆ ಕಾಣ್ತಿದೆ, ಅದನ್ನ ನೋಡ್ಕೊಂಡೇ ಕಂಪನಿ ಮೆಸೇಜು ಅಂದಿದ್ದಾನೆ. ಗೊತ್ತಿಲ್ದೆ ಹೇಳಿದ್ನೋ ಗೊತ್ತಿದ್ದೂ ಹೇಳಿದ್ನೋ, ಎರಡೂ ಒಂದಕ್ಕಿಂತ ಒಂದು ಕೆಟ್ಟದು.

ಇನ್ನೂ ಇದೆ. ಮೈಕ್ ಕಥೆ. ಅಕ್ಕನ ಮಗ ಹೇಳಿದ್ದು, ಈಚಿನ ಇಂಟೆಲ್ ಲ್ಯಾಪ್‌ಟಾಪ್ ತುಂಬಾದ್ರಲ್ಲಿ ಸೌಂಡ್‌ಗೆ ಒಂದು ಫರ್ಮ್‌ವೇರ್, ಅಂದ್ರೆ ಆ ಸೌಂಡ್ ಚಿಪ್ಪಿನೊಳಗೇ ಓಡೋ ಚಿಕ್ಕ ಸಾಫ್ಟ್‌ವೇರ್ ಬೇಕು, ಸೌಂಡ್ ಓಪನ್ ಫರ್ಮ್‌ವೇರ್ ಅಂತ. ಡೆಬಿಯನ್ 11ರ ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಅದು ಬರಲ್ಲ, ನಾನ್-ಫ್ರೀ ಅನ್ನೋ ಬೇರೆ ಭಾಗದಲ್ಲಿರತ್ತೆ, 2023ರಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಫರ್ಮ್‌ವೇರ್ ಕೊಡ್ತಾರೆ. ನನ್ನ ಡಮ್ಮಿ ಔಟ್‌ಪುಟ್‌ಗೆ ಕಾರಣ ಇಷ್ಟೇ. ಈ ಮಹಾನುಭಾವ ಫರ್ಮ್‌ವೇರ್ ಹಾಕೋ ಬದ್ಲು ಹಳೇ ಡ್ರೈವರೇ ಓಡ್ಲಿ ಅಂತ ಒಂದು ಸೆಟ್ಟಿಂಗ್ ಬಲವಂತವಾಗಿ ಹಾಕಿದ್ದ. ಹಾಗೆ ಮಾಡಿದ್ರೆ ಸ್ಪೀಕರ್ ಬರತ್ತೆ, ಒಳಗಿನ ಡಿಜಿಟಲ್ ಮೈಕ್ ಬರಲ್ಲ. ಮೈಕ್ ಸುಟ್ಟೇ ಇರ್ಲಿಲ್ಲ ಕಣ್ರೀ! ಆ ಲೈನ್ ತೆಗೆದು, ನಾನ್-ಫ್ರೀ ಸೇರಿಸಿ, ಫರ್ಮ್‌ವೇರ್-ಸಾಫ್-ಸೈನ್ಡ್ ಅನ್ನೋ ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿದ್ರೆ ಸ್ಪೀಕರೂ ಬಂತು ಮೈಕೂ ಬಂತು. 850 ರೂಪಾಯಿ ಮೈಕ್ ಡಬ್ಬದಲ್ಲಿ ಕೂತಿದೆ. ಸುಟ್ಟೋಗಿದೆ ಅಂತ ಎಷ್ಟು ಧೈರ್ಯವಾಗಿ ಹೇಳ್ದ ನೋಡಿ, ಮುಖದ ಮೇಲೆ ಒಂದು ಗೆರೆ ಬದಲಾಗ್ಲಿಲ್ಲ.

ಸಂಜೆ ಅಂಗಡಿಗೆ ಲ್ಯಾಪ್‌ಟಾಪ್ ತಗೊಂಡೋಗೋ ಬದ್ಲು ಫೋನ್ ಮಾಡ್ದೆ. ದುಡ್ಡು ವಾಪಸ್ ಕೊಡಿ ಅಂದೆ. "ಆ ಸರ್ವಿಸ್ ನಾನು ಹಾಕಿದ್ದಲ್ಲ ಮೇಡಂ, ಅಪ್ಡೇಟಲ್ಲಿ ಬಂದಿರತ್ತೆ" ಅಂದ. ಸುಡೋ ಹಾಕಿ ಕೊಟ್ಟ ಕಮಾಂಡೆಲ್ಲ ಆಥ್ ಲಾಗ್ ಅನ್ನೋ ಫೈಲಲ್ಲಿ ಟೈಮ್ ಸಮೇತ ಬಿದ್ದಿರತ್ತೆ. ಅವನ ಅಂಗಡಿಲಿ ನಾನು ಕೂತಿದ್ದ ಟೈಮಿಗೇ ಸರ್ವಿಸ್ ಫೈಲ್ ನ್ಯಾನೋ ಅನ್ನೋ ಎಡಿಟರ್‌ನಲ್ಲಿ ತೆಗೆದಿದ್ದು, ಎನೇಬಲ್ ಮಾಡಿದ್ದು, ಎಲ್ಲಾ ಸಾಲಾಗಿ ಇದೆ. ಅದರ ಫೋಟೋ ಕಳಿಸ್ದೆ. ಎರಡು ನೀಲಿ ಟಿಕ್ ಬಂತು, ತುಂಬಾ ಹೊತ್ತು ಟೈಪಿಂಗ್ ಟೈಪಿಂಗ್ ಅಂತ ಬಂತು, ಕೊನೆಗೆ ಒಂದು ವಾಯ್ಸ್ ಮೆಸೇಜು: ಸೌಂಡ್ ಕೇಳಿದ್ರಿ, ಸೌಂಡ್ ಕೊಟ್ಟಿದ್ದೀನಿ, ಲಿನಕ್ಸ್ ಗ್ಯಾರಂಟಿ ನಾನ್ಯಾಕೆ ಕೊಡ್ಲಿ, ಲಿನಕ್ಸ್ ಅಂದ್ರೆ ಹಂಗೇನೇ, ಅದಕ್ಕೇ ವಿಂಡೋಸ್ ಹಾಕ್ಸಿ ಅಂದಿದ್ದು. ಮೈಕ್ ಬಗ್ಗೆ ಕೇಳಿದ್ರೆ ಪ್ಯಾಕ್ ಒಡೆದ ಐಟಮ್ ವಾಪಸ್ ಇಲ್ಲ ಅಂತೆ. ಪ್ಯಾಕ್ ಒಡೆದೋನು ಯಾರು? ಅವನೇ, ಟೇಬಲ್ ಮೇಲೆ ಇಟ್ಟು ತೋರಿಸೋಕೆ ಒಡೆದಿದ್ದು!

ಲಿನಕ್ಸ್ ಅಂದ್ರೆ ಹಂಗೇ ಅನ್ನೋ ಮಾತಿದ್ಯಲ್ಲ, ಅದನ್ನ ಕೇಳಿ ಕೇಳಿ ನಾವು ನಂಬ್ಕೊಂಡುಬಿಟ್ಟಿದ್ದೀವಿ, ಇವ್ರಿಗೆಲ್ಲ ಅದೇ ಅನುಕೂಲ.

ಅದಕ್ಕೇ ಹೇಳ್ತೀನಿ, ರಿಪೇರಿ ಅಂತ ಕೊಟ್ರೆ ದುಡ್ಡು ಕೊಡೋಕೆ ಮುಂಚೆ ಅವ್ರ ಕೈಲೇ ಪೂರ್ತಿ ಶಟ್‌ಡೌನ್ ಮಾಡ್ಸಿ, ಆನ್ ಮಾಡ್ಸಿ ನೋಡಿ. ಕೊನೇ ಟೈಪಿಂಗ್ ಆದ್ಮೇಲೆ, ಮಧ್ಯದಲ್ಲಿ ಅಲ್ಲ. ಬಿಲ್ ಇಲ್ದೆ ಬರ್ಬೇಡಿ. ಮನೆಗೆ ಬಂದು ಪಾಸ್‌ವರ್ಡ್ ಬದಲಾಯಿಸಿ. ಸ್ಟಾರ್ಟ್ ಜಾಬ್ ಅಂತ ನಿಂತ್ರೆ ಮೊದ್ಲು ಅದರ ಮುಂದಿರೋ ಹೆಸರು ಓದಿ, ಕಂಟ್ರೋಲ್ ಆಲ್ಟ್ ಎಫ್2 ಒತ್ತಿ ನೋಡಿ. ಅದೂ ಬರ್ಲಿಲ್ಲ ಅಂದ್ರೆ ಆನ್ ಮಾಡಿದ ತಕ್ಷಣ ಬರೋ ಗ್ರಬ್ ಮೆನುವಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ ಸಿಸ್ಟಮ್‌ಡಿ ಡಾಟ್ ಮಾಸ್ಕ್ ಈಕ್ವಲ್ಸ್ ಅಂತ ಹಾಕಿ ಆ ಸರ್ವಿಸ್ ಹೆಸರು ಕೊಟ್ಟು ಎಫ್10 ಒತ್ತಿದ್ರೆ ಆ ಒಂದು ಸಲಕ್ಕೆ ಅದನ್ನ ಬಿಟ್ಟು ಬೂಟ್ ಆಗತ್ತೆ ಅಂತ ಅಕ್ಕನ ಮಗ ಹೇಳ್ದ. ಎಸ್‌ಎಸ್‌ಡಿ, ಫಾರ್ಮ್ಯಾಟು ಅಂತ ಯಾರಾದ್ರೂ ಶುರು ಮಾಡಿದ್ರೆ ಎದ್ದು ಬನ್ನಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳೋಣ ಅಂತಿದ್ದೀನಿ, ಬಿಲ್ ಇಲ್ಲ, ಯುಪಿಐ ಎಂಟ್ರಿ ಮತ್ತೆ ಅವನ ವಾಯ್ಸ್ ಮೆಸೇಜ್ ಮಾತ್ರ ಇದೆ, ನೋಡೋಣ ಏನಾಗತ್ತೆ. ಅಷ್ಟರೊಳಗೆ ತುಮಕೂರಲ್ಲಿ ಯಾರಾದ್ರೂ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಸೌಂಡ್ ರಿಪೇರಿ ಮಾಡ್ಸಿದ್ರೆ, ಈಗ ಸರಿಯಾಗೇ ಓಡ್ತಿದ್ರೂ ಪರವಾಗಿಲ್ಲ, ಶಟ್‌ಡೌನ್ ಮಾಡೋಕೆ ಮುಂಚೆ ಇಟಿಸಿ ಫೋಲ್ಡರ್ ಒಳಗೆ ಸಿಸ್ಟಮ್‌ಡಿ, ಅದರೊಳಗೆ ಸಿಸ್ಟಮ್ ಅನ್ನೋ ಫೋಲ್ಡರ್ ತೆಗೆದು ನೋಡಿ. ಸೌಂಡ್ ಫಿಕ್ಸ್ ಅಂತ ಫೈಲ್ ಇದ್ರೆ ನನಗೆ ತಿಳಿಸಿ, ಇಬ್ರೂ ಒಟ್ಟಿಗೆ ಹೋಗೋಣ ಅಂಗಡಿಗೆ.